ಸಂಜೆಮಲ್ಲಿಗೆಗೆ ಬಂದದ್ದು ಹಕ್ಕಿಯಲ್ಲ

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದವೇ ಜಾಸ್ತಿ. ಅದೂ ಮರುಭೂಮಿಯ ಕಡೆಯವು. ಹಿಂದೊಮ್ಮೆ ಎಳ್ಳಿನ ಗಿಡದ ಕೊಂಬಿನ ಹುಳದ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದವರು "ಇಲ್ಲೂ ಬಾಲಕ್ಕೆ ಕೊಂಬಿರುವ ಹುಳ ಇದೆ ಮೇಡಂ" ಎಂದು ಫೋಟೋ ಸಮೇತ ಬರೆದಿದ್ದಾರೆ. ನನ್ನ ಮಗಳ ಮನೆ ಇರುವುದು ಅರಿಜೋನಾದ ಟೂಸಾನ್‌ನಲ್ಲಿ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ಅಲ್ಲಿಗೆ ಹೋದಾಗ ಮಾಲ್ ಸುತ್ತುವುದಿಲ್ಲ. ಅಂಗಳದಲ್ಲಿ ಟಾರ್ಚ್ ಹಿಡಿದು ಕೂರುತ್ತೇನೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಆ ಕಡೆಗೇ ಮೀಸಲು.

ಪ್ರಶ್ನೆ: ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಹಿತ್ತಲಲ್ಲಿ ಸಂಜೆಮಲ್ಲಿಗೆ ಹಾಕಿದ್ದೇವೆ. ಆಗಸ್ಟ್‌ನಲ್ಲಿ ಒಂದು ಸಂಜೆ ಪುಟ್ಟ ಹಕ್ಕಿಯೊಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತಿತ್ತು, ರೆಕ್ಕೆ ಕೆಂಪಗೆ ಮಿಂಚಿತು. ಹಾವೇರಿಯಿಂದ ಬಂದಿದ್ದ ಅಮ್ಮ "ಅದು ಹಕ್ಕಿಯಲ್ಲೋ, ಹುಳ" ಅಂದರು. ನಾನು ಹಮ್ಮಿಂಗ್‌ಬರ್ಡ್ ಅಂದೆ. ಫೋಟೋ ಕಳಿಸಿದ್ದೇನೆ. ಯಾರು ಸರಿ? ಹುಳವೇ ಆಗಿದ್ದರೆ ಯಾವ ಜಾತಿ, ಮರುಭೂಮಿಯಲ್ಲಿ ಮಾತ್ರ ಇರುತ್ತದೆಯೇ, ಏನು ತಿಂದು ಬದುಕುತ್ತದೆ?
– ಓದುಗರೊಬ್ಬರು, ಚಾಂಡ್ಲರ್

ಉತ್ತರ: ನಿಮ್ಮ ಅಮ್ಮ ಸರಿ, ಅದು ಪತಂಗ. ಅವರಿಗೆ ನನ್ನ ನಮಸ್ಕಾರ ಹೇಳಿ.

ಫೋಟೋ ಸ್ವಲ್ಪ ಅಲ್ಲಾಡಿದೆ. ಆದರೂ ಬೇಕಾದದ್ದೆಲ್ಲ ಕಾಣುತ್ತದೆ. ತಲೆಯ ಮೇಲೆ ಎರಡು ಮೀಸೆ ಇವೆ, ತುದಿ ಸ್ವಲ್ಪ ದಪ್ಪ. ಹಕ್ಕಿಗೆ ಮೀಸೆ ಎಲ್ಲಿಂದ ಬರಬೇಕು? ಹೂವಿನೊಳಗೆ ಇಳಿದಿರುವುದು ಕೊಕ್ಕಲ್ಲ, ಕೊಳವೆಯಂಥ ನಾಲಿಗೆ. ಕುಡಿದು ಮುಗಿಸಿದ ಮೇಲೆ ಪತಂಗ ಅದನ್ನು ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿ ಗಲ್ಲದ ಕೆಳಗೆ ಇಟ್ಟುಕೊಳ್ಳುತ್ತದೆ. ನಿಮ್ಮ ಊರಲ್ಲಿ ಹಮ್ಮಿಂಗ್‌ಬರ್ಡೂ ಧಾರಾಳ, ಆದ್ದರಿಂದ ಗೊಂದಲ ಆಗುವುದು ಸಹಜ. ಒಂದು ಸುಲಭದ ಗುರುತು ಹೇಳುತ್ತೇನೆ. ಹಮ್ಮಿಂಗ್‌ಬರ್ಡ್ ಆಗಾಗ ಕೊಂಬೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತದೆ, ಕತ್ತಲಾದರೆ ಮಲಗಿಬಿಡುತ್ತದೆ. ಇದು ಕತ್ತಲಾದ ಮೇಲೂ ಕುಡಿಯುತ್ತಲೇ ಇರುತ್ತದೆ.

ಇನ್ನು ಜಾತಿ. ಮುಂದಿನ ರೆಕ್ಕೆ ಕಂದು, ಅದರಲ್ಲಿ ಸ್ವಲ್ಪ ಹಸಿರು ಛಾಯೆ. ಬುಡದಿಂದ ತುದಿಯವರೆಗೆ ಓರೆಯಾಗಿ ಮಾಸಲು ಬಿಳಿಯ ಒಂದು ಪಟ್ಟೆ. ಆ ಪಟ್ಟೆಯನ್ನು ಅಡ್ಡ ದಾಟಿಕೊಂಡು ನರಗಳ ಮೇಲೆ ತೆಳ್ಳಗೆ ಬಿಳಿ ಗೆರೆಗಳು. ಈ ನರದ ಗೆರೆಗಳನ್ನೇ ನೋಡಬೇಕು, ಗುರುತು ಸಿಗುವುದು ಅಲ್ಲಿಯೇ. ಬೆನ್ನಿನ ಮೇಲೆ ಉದ್ದುದ್ದ ಆರು ಬಿಳಿ ಗೆರೆ. ಹಿಂದಿನ ರೆಕ್ಕೆ ಕಪ್ಪು, ನಡುವೆ ಗುಲಾಬಿ ಪಟ್ಟಿ. ನಿಮಗೆ "ಕೆಂಪಗೆ ಮಿಂಚಿದ್ದು" ಅದೇ. ಕೂತಾಗ ಆ ಗುಲಾಬಿ ಕಾಣುವುದೇ ಇಲ್ಲ, ಮುಂದಿನ ರೆಕ್ಕೆಯ ಕೆಳಗೆ ಮುಚ್ಚಿಹೋಗುತ್ತದೆ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 6ರಿಂದ 9 ಸೆಂಟಿಮೀಟರ್.

ಇಷ್ಟೆಲ್ಲ ಇದ್ದರೆ ಅದು ಹೈಲಿಸ್ ಲಿನಿಯಾಟಾ. ಅಲ್ಲಿಯವರು ವೈಟ್‌ಲೈನ್ಡ್ ಸ್ಫಿಂಕ್ಸ್ ಎನ್ನುತ್ತಾರೆ, ನಾವು ಗೆರೆ ಪತಂಗ ಎನ್ನೋಣ. ಹಾಕ್‌ಮಾತ್ ಎಂಬ ಪತಂಗಗಳ ಕುಟುಂಬದ್ದು. 1775ರಲ್ಲಿ ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ ಇದನ್ನು ಮೊದಲು ವಿವರಿಸಿದ್ದು. ಅರಿಜೋನಾದಲ್ಲಿ ಇನ್ನೊಂದು ದೊಡ್ಡ ಹಾಕ್‌ಮಾತ್ ಇದೆ, ಮ್ಯಾಂಡೂಕಾ. ಅದು ಬೂದು ಬಣ್ಣದ್ದು, ಹೊಟ್ಟೆಯ ಎರಡೂ ಬದಿಗೆ ಹಳದಿ ಚುಕ್ಕೆಗಳ ಸಾಲು. ಗುಲಾಬಿ ಇಲ್ಲ, ಬಿಳಿ ನರಗಳೂ ಇಲ್ಲ. ಎರಡೂ ನಿಮ್ಮ ಹಿತ್ತಲಿಗೆ ಬರುತ್ತವೆ. ಒಮ್ಮೆ ಹತ್ತಿರದಿಂದ ನೋಡಿಬಿಟ್ಟರೆ ಮತ್ತೆ ಕೇಳಬೇಕಾಗುವುದಿಲ್ಲ.

ಮರುಭೂಮಿಯಲ್ಲಿ ಮಾತ್ರವೇ ಎಂದು ಕೇಳಿದ್ದೀರಿ. ಇಲ್ಲ. ಕೆನಡಾದ ದಕ್ಷಿಣ ಭಾಗದಿಂದ ಹಿಡಿದು ಅಮೆರಿಕ ಪೂರ್ತಿ, ಮೆಕ್ಸಿಕೊ, ಮಧ್ಯ ಅಮೆರಿಕದವರೆಗೂ ಇದೆ. ವೆಸ್ಟ್ ಇಂಡೀಸ್ ದ್ವೀಪಗಳಲ್ಲೂ ಇದೆ. ನ್ಯೂಜೆರ್ಸಿಯ ನಿಮ್ಮ ನೆಂಟರ ಮನೆಯ ಪೆಟೂನಿಯಾ ಕುಂಡಕ್ಕೂ ಬಂದೀತು. ಆದರೆ ಒಂದೊಂದಾಗಿ ಬರುತ್ತದೆ. ಸಾವಿರಗಟ್ಟಲೆ ಎದ್ದು ಬರುವುದನ್ನು ನೋಡಬೇಕೆಂದರೆ ಮರುಭೂಮಿಗೇ ಹೋಗಬೇಕು. ಜನ ಇದನ್ನು ಮರುಭೂಮಿಯ ಪತಂಗ ಎಂದುಕೊಳ್ಳುವುದು ಅದಕ್ಕೇ.

ಯಾಕೆ ಹಾಗೆ? ಇದರ ಮರಿಹುಳದ ಊಟದಲ್ಲಿದೆ ಉತ್ತರ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಪತ್ರ ಬರೆಯುವ ಹತ್ತರಲ್ಲಿ ಎಂಟು ಜನ ಇದನ್ನು ಬೆರೆಸಿಬಿಡುತ್ತಾರೆ. ಪತಂಗ ಮಕರಂದ ಕುಡಿಯುವ ಹೂವು ಬೇರೆ, ಮರಿಹುಳ ಎಲೆ ತಿನ್ನುವ ಗಿಡ ಬೇರೆ. ನಾವು ಆಸರೆ ಗಿಡ ಎನ್ನುವುದು ಎರಡನೆಯದನ್ನು. ಸಂಜೆಮಲ್ಲಿಗೆ, ದತ್ತೂರಿ, ಪೆಟೂನಿಯಾ, ಹನಿಸಕಲ್ – ಸಂಜೆ ಅರಳುವ, ಉದ್ದ ಕೊಳವೆಯ ಯಾವ ಹೂವಾದರೂ ಪತಂಗಕ್ಕೆ ಆದೀತು. ಆದರೆ ದತ್ತೂರಿಯ ಎಲೆಯ ಮೇಲೆ ಇದರ ಮರಿ ಸಿಗುವುದಿಲ್ಲ, ಅದು ಮ್ಯಾಂಡೂಕಾದ ಗಿಡ.

ಹೆಚ್ಚಿನ ಹಾಕ್‌ಮಾತ್‌ಗಳು ಊಟದಲ್ಲಿ ಬಹಳ ಕಟ್ಟುನಿಟ್ಟು. ಬೆಂಗಳೂರಿನ ನಂದಿಬಟ್ಟಲು ಗಿಡದಲ್ಲಿ ದಪ್ಪ ಹಸಿರು ಹುಳ ಸಿಗುತ್ತದಲ್ಲ, ನೀಲಿ ಕಣ್ಣಿನ ಗುರುತಿರುವುದು? ಅದು ನಂದಿಬಟ್ಟಲು, ಕಣಗಿಲೆಯ ಬಳಗ ಬಿಟ್ಟು ದೂರ ಹೋಗುವುದು ಕಡಿಮೆ. ಈ ಗೆರೆ ಪತಂಗದ್ದು ಹಾಗಲ್ಲ. ಸಂಜೆಮಲ್ಲಿಗೆ, ಗೋಣಿಸೊಪ್ಪು, ಕೊಮ್ಮೆ, ಈವ್ನಿಂಗ್ ಪ್ರಿಮ್‌ರೋಸ್, ಫ್ಯೂಷಿಯಾ, ದ್ರಾಕ್ಷಿ ಬಳ್ಳಿ, ಸೇಬು, ಎಲ್ಮ್ ಮರ... ಪಟ್ಟಿ ಇನ್ನೂ ಉದ್ದ ಇದೆ. ಹಲವು ಬೇರೆ ಬೇರೆ ಕುಟುಂಬಗಳ ಗಿಡಗಳು. ಫೀನಿಕ್ಸ್ ಸುತ್ತಮುತ್ತ ವರ್ಷಕ್ಕೆ ಸರಾಸರಿ 8 ಇಂಚು ಮಳೆಯೂ ಬೀಳುವುದಿಲ್ಲ. ಆ ಮಳೆ ಯಾವಾಗ, ಎಲ್ಲಿ ಬೀಳುತ್ತದೆ ಎಂಬುದಕ್ಕೂ ಗ್ಯಾರಂಟಿ ಇಲ್ಲ. ಬಿದ್ದ ಕೂಡಲೇ ನೆಲದಿಂದ ಏಳುವುದು ಕೆಲವೇ ವಾರ ಬಾಳುವ ಸಣ್ಣ ಗಿಡಗಳು. ಈ ವರ್ಷ ಕೊಮ್ಮೆ, ಇನ್ನೊಂದು ವರ್ಷ ಗೋಣಿಸೊಪ್ಪು. ಅಂಥ ಕಡೆ "ನನಗೆ ಇದೇ ಬೇಕು" ಎಂದು ಹಟ ಹಿಡಿದ ಹುಳಕ್ಕೆ ಉಪವಾಸವೇ ಗತಿ. ಸಿಕ್ಕಿದ್ದನ್ನು ತಿನ್ನುವುದು ಉಳಿಯುತ್ತದೆ, ಜತೆಗೆ ಹಬ್ಬುತ್ತದೆ. ಕೆನಡಾದಿಂದ ಮಧ್ಯ ಅಮೆರಿಕದವರೆಗೆ ಹರಡಲು ಇದಕ್ಕೆ ಈ ಗುಣವೂ ನೆರವಾಗಿದೆ, ಗಟ್ಟಿ ರೆಕ್ಕೆಯೂ ನೆರವಾಗಿದೆ.

ಅಂದ ಹಾಗೆ ನಿಮ್ಮ ಸಂಜೆಮಲ್ಲಿಗೆ ಇದಕ್ಕೆ ಎರಡೂ ಹೌದು. ಹೂವಿನಿಂದ ಪತಂಗ ಕುಡಿಯುತ್ತದೆ, ಎಲೆಯನ್ನು ಮರಿ ತಿನ್ನುತ್ತದೆ. ಆದರೂ ಮೊಟ್ಟೆ ಹುಡುಕುವುದಾದರೆ ಮೊದಲು ಡ್ರಿಪ್ ಪೈಪಿನ ಪಕ್ಕ ಎದ್ದಿರುವ ಗೋಣಿಸೊಪ್ಪನ್ನು ನೋಡಿ. ಟೂಸಾನ್‌ನಲ್ಲಿ ಒಂದು ಹೆಣ್ಣು ಪತಂಗ ಮೊಟ್ಟೆ ಇಡುವುದನ್ನು ನಾನು ನೋಡಿದ್ದು ಅಂಥ ಕಡೆಯೇ. ಅದು ಗಿಡದ ಮೇಲೆ ಕೂರಲಿಲ್ಲ. ರೆಕ್ಕೆ ಬಡಿಯುತ್ತಲೇ ಮುಂಗಾಲಿನಿಂದ ಎಲೆಯನ್ನು ಮುಟ್ಟಿತು, ಹೊಟ್ಟೆಯ ತುದಿ ಮಡಿಸಿ ಎಲೆಯಡಿಗೆ ಒಂದು ಸಲ ಒತ್ತಿತು, ಮುಂದಿನ ಗಿಡಕ್ಕೆ ಹೋಯಿತು. ಟಾರ್ಚ್ ಹಾಕಿ ಎಲೆ ತಿರುಗಿಸಿದರೆ ತಿಳಿ ಹಸಿರಿನ ಒಂದೇ ಒಂದು ಮೊಟ್ಟೆ, ಸಾಸಿವೆಗಿಂತ ದೊಡ್ಡದೇನಲ್ಲ. ಒಂದು ಹೆಣ್ಣು ಹೀಗೆ ನೂರಾರು ಮೊಟ್ಟೆ ಇಡುತ್ತದೆ. ಮಗಳ ಮನೆಗೆಲಸಕ್ಕೆ ಬರುವಾತ ಮರುದಿನವೇ ಆ ಸೊಪ್ಪನ್ನು ಕಳೆ ಎಂದು ಕಿತ್ತುಹಾಕಿದ. ನಾವು ಪಲ್ಯ ಮಾಡುವ ಸೊಪ್ಪು ಅದು ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ!

ಪ್ರಶ್ನೆ: ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊದಿಂದ ಅನ್ಜಾ-ಬೊರೇಗೊ ಮರುಭೂಮಿಗೆ ಹೂವು ನೋಡಲು ಹೋಗಿದ್ದೆವು. ಹೂವಿಗಿಂತ ಹುಳಗಳೇ ಜಾಸ್ತಿ ಇದ್ದವು. ಕೆಲವು ಹಸಿರು, ಕೆಲವು ಕಪ್ಪು, ಎಲ್ಲಕ್ಕೂ ಹಿಂದೆ ಕೊಂಬು. ರಸ್ತೆ ದಾಟಿಕೊಂಡು ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಎರಡು ಜಾತಿಯೇ? ಮಗಳು ಒಂದನ್ನು ಮುಟ್ಟಿದಾಗ ಹಸಿರು ನೀರು ಕಾರಿತು. ವಿಷವೇನಾದರೂ ಇದೆಯೇ?
– ಓದುಗರೊಬ್ಬರು, ಸ್ಯಾನ್ ಡಿಯಾಗೊ

ಉತ್ತರ: ಒಂದೇ ಜಾತಿ. ಮೇಲೆ ಹೇಳಿದ ಗೆರೆ ಪತಂಗದ ಮರಿಗಳೇ ಅವು.

ಬಣ್ಣ ನಂಬಿದರೆ ಈ ಹುಳ ಮೋಸ ಮಾಡುತ್ತದೆ. ಕೆಲವು ಹಸಿರು ಮೈ, ಬದಿಯಲ್ಲಿ ಹಳದಿ-ಕಪ್ಪು ಚುಕ್ಕೆಗಳ ಸಾಲು. ಕೆಲವು ಪೂರ್ತಿ ಕಪ್ಪು, ಮೇಲೆ ಹಳದಿ ಗೆರೆ. ನಡುವಿನ ಬಣ್ಣದವೂ ಸಿಗುತ್ತವೆ. ಕೊಂಬು ಮಾತ್ರ ಹಳದಿ ಅಥವಾ ಕಿತ್ತಳೆ. ಬೆಳೆದಾಗ 3 ಇಂಚು ದಾಟುತ್ತದೆ. ಕೊಂಬು ನೋಡಲು ಚೂಪು, ಆದರೆ ಚುಚ್ಚುವುದಿಲ್ಲ. ಮುಟ್ಟಿದಾಗ ತಲೆ ಎತ್ತಿ ಬಾಯಿಂದ ಹಸಿರು ರಸ ಕಾರುವುದು ಹೆದರಿಸುವುದಕ್ಕೆ. ತಿಂದ ಸೊಪ್ಪೇ ಹೊರಗೆ ಬಂದದ್ದು, ಅಷ್ಟೆ. ಮಗಳಿಗೆ ಕೈ ತೊಳೆಯಲು ಹೇಳಿ, ಬೈಯಬೇಡಿ.

ನೀವು ನೋಡಲು ಹೋದ ಹೂವುಗಳೇ ಅಲ್ಲಿ ಇವುಗಳ ಊಟ. ಮರಳಿನ ಮೇಲೆ ದೊಡ್ಡ ಬಿಳಿ ಹೂ ಬಿಟ್ಟಿತ್ತಲ್ಲ, ಅದು ಡ್ಯೂನ್ ಪ್ರಿಮ್‌ರೋಸ್. ನೇರಳೆ-ಗುಲಾಬಿ ಚಾಪೆ ಹಾಸಿದ್ದು ಸ್ಯಾಂಡ್ ವರ್ಬೀನಾ, ಅದು ನಮ್ಮ ಸಂಜೆಮಲ್ಲಿಗೆಯ ಕುಟುಂಬದ್ದೇ. ಚಳಿಗಾಲದಲ್ಲಿ ಒಳ್ಳೆ ಮಳೆಯಾದರೆ ಎರಡೂ ಹುಚ್ಚೆದ್ದು ಬರುತ್ತವೆ, ಅವುಗಳ ಹಿಂದೆಯೇ ಹುಳ. 2019ರ ವಸಂತದಲ್ಲಿ ಹೂವಿನ ಜಾತ್ರೆಯೇ ನೆರೆದಿತ್ತು, ಆಗಲೂ ಹೀಗೇ ಹುಳಗಳು ರಸ್ತೆ ತುಂಬಿದ್ದವು. ಗಿಡವನ್ನೆಲ್ಲ ಬೋಳಿಸಿದ ಮೇಲೆ ಹೊಸ ಗಿಡ ಹುಡುಕುತ್ತ ಹೊರಡುತ್ತವೆ. ಪೂರ್ತಿ ಬೆಳೆದವು ಊಟ ಬಿಟ್ಟು, ಕೋಶವಾಗಲು ಸಡಿಲ ಮಣ್ಣು ಹುಡುಕುತ್ತ ಹೊರಡುತ್ತವೆ. ನೀವು ನೋಡಿದ ಮೆರವಣಿಗೆಯಲ್ಲಿ ಎರಡೂ ಥರದವು ಇದ್ದಿರಬೇಕು.

ತಲೆ ಎತ್ತಿ ಆಕಾಶ ನೋಡಿದಿರಾ? ಅದೇ ಹೊತ್ತಿಗೆ ಬೊರೇಗೊ ಕಣಿವೆಯ ಮೇಲೆ ಸ್ವೇನ್ಸನ್ ಗಿಡುಗಗಳು ಹಾದುಹೋಗುತ್ತವೆ. ಚಳಿಗಾಲವನ್ನು ಅರ್ಜೆಂಟೀನಾದಲ್ಲಿ ಕಳೆದು, ಮರಿ ಮಾಡಲು ಉತ್ತರಕ್ಕೆ ಹೊರಟ ಹಕ್ಕಿಗಳು ಅವು. ದಾರಿಯಲ್ಲಿ ಇಲ್ಲಿ ಇಳಿದು, ನೆಲದ ಮೇಲೆ ನಡೆದಾಡಿಕೊಂಡೇ ಈ ಹುಳಗಳನ್ನು ತಿನ್ನುತ್ತವೆ. ಅಷ್ಟು ದೊಡ್ಡ ಬೇಟೆ ಹಕ್ಕಿ ಕೋಳಿ ಹಾಗೆ ಹುಳ ಹೆಕ್ಕುವುದು ನೋಡುವಂಥ ದೃಶ್ಯ. ಹುಳ ಕಂಡರೆ ಅಸಹ್ಯ ಎಂದು ಕಾರಿನಿಂದ ಇಳಿಯದವರಿಗೆ ಅದು ತಪ್ಪಿಹೋಗುತ್ತದೆ.

ಹಕ್ಕಿಗಳಷ್ಟೇ ಅಲ್ಲ. ಅರಿಜೋನಾದ ದಕ್ಷಿಣದಲ್ಲಿ ಟೊಹೊನೊ ಓಧಮ್ ಜನ ಹಿಂದಿನಿಂದಲೂ ಮಳೆಯ ನಂತರ ಈ ಹುಳಗಳನ್ನು ಆರಿಸಿ ತರುತ್ತಿದ್ದರು. ಹೊಟ್ಟೆಯೊಳಗಿನ ಸೊಪ್ಪು ಹಿಂಡಿ ತೆಗೆದು ಹುರಿದು ತಿನ್ನುತ್ತಿದ್ದರು, ಒಣಗಿಸಿ ಇಡುತ್ತಿದ್ದರು. ಮೂಗು ಮುರಿಯಬೇಡಿ. ಮಲೆನಾಡಿನಲ್ಲಿ ಚಿಗಳಿ ಇರುವೆಯ ಚಟ್ನಿ ಅರೆಯುವವರು ನಾವೇ ಅಲ್ವಾ?

ಪ್ರಶ್ನೆ: ಫೀನಿಕ್ಸ್‌ನಲ್ಲಿ ನಮ್ಮ ಟೊಮೇಟೊ ಗಿಡವನ್ನು ಕೊಂಬಿನ ಹಸಿರು ಹುಳ ರಾತ್ರೋರಾತ್ರಿ ಬೋಳಿಸಿದೆ. ಇದೂ ಅದೇ ಪತಂಗವೇ? ಔಷಧಿ ಹೊಡೆಯಲೇ?
– ಗೃಹಿಣಿಯೊಬ್ಬರು, ಫೀನಿಕ್ಸ್

ಉತ್ತರ: ಗೆರೆ ಪತಂಗ ಟೊಮೇಟೊವನ್ನೂ ಒಮ್ಮೊಮ್ಮೆ ತಿನ್ನುವುದುಂಟು. ಆದರೆ ನಿಮ್ಮ ಗಿಡ ಬೋಳಿಸಿದ್ದು ಮ್ಯಾಂಡೂಕಾ ಎಂದು ನನ್ನ ಅನುಮಾನ. ಹುಳದ ಬದಿ ನೋಡಿ. ಏಳು ಓರೆ ಬಿಳಿ ಗೆರೆ, ಕೆಂಪು ಕೊಂಬು ಇದ್ದರೆ ತಂಬಾಕಿನ ಹುಳ, ಮ್ಯಾಂಡೂಕಾ ಸೆಕ್ಸ್‌ಟಾ. ಗೆರೆಯ ಬದಲು ಬಾಣದ ತುದಿಯಂಥ ಎಂಟು ಗುರುತು, ಕಪ್ಪು-ನೀಲಿ ಕೊಂಬು ಇದ್ದರೆ ಟೊಮೇಟೊ ಹುಳ. ಎರಡಕ್ಕೂ ಟೊಮೇಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ದತ್ತೂರಿ ಎಲ್ಲ ಒಂದೇ ಮನೆಯವು.

ಔಷಧಿ ಬೇಡ. ನಾಲ್ಕು ಗಿಡಕ್ಕೆ ಯಾರು ಔಷಧಿ ಹೊಡೆಯುತ್ತಾರೆ? ಬೆಳಿಗ್ಗೆ ಎಲೆಯ ಮೇಲೆ ಕಪ್ಪು ಹಿಕ್ಕೆ ಕಂಡರೆ ಅದರ ನೇರ ಮೇಲೆ ಹುಡುಕಿ, ಹುಳ ಅಲ್ಲೇ ಇರುತ್ತದೆ. ಕೈಯಿಂದ ತೆಗೆದು ದತ್ತೂರಿ ಗಿಡಕ್ಕೆ ಬಿಟ್ಟುಬಿಡಿ. ಹುಳದ ಮೈಮೇಲೆ ಅಕ್ಕಿ ಕಾಳಿನಂಥ ಬಿಳಿ ಗೂಡುಗಳಿದ್ದರೆ ಮುಟ್ಟಲೇಬೇಡಿ. ಅವು ಪರಾವಲಂಬಿ ಕಣಜದ ಗೂಡುಗಳು. ಆ ಹುಳದ ಕಥೆ ಹೇಗೂ ಮುಗಿದಿರುತ್ತದೆ, ಹೊರಬರುವ ಕಣಜಗಳು ನಿಮ್ಮ ಕೆಲಸವನ್ನೇ ಮಾಡುತ್ತವೆ.

ಪ್ರಶ್ನೆ: ನಮ್ಮವರಿಗೆ ಜೋಧಪುರಕ್ಕೆ ವರ್ಗವಾಗಿದೆ. ಇಲ್ಲಿ ಕ್ವಾರ್ಟರ್ಸಿನ ದೀಪಕ್ಕೆ ಬಿಳಿ ಗೆರೆಯ, ಗುಲಾಬಿ ರೆಕ್ಕೆಯ ಪತಂಗ ಬಂದಿತ್ತು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ಪತಂಗವನ್ನೇ ತೋರಿಸುತ್ತದೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂತು?
– ಓದುಗರೊಬ್ಬರು, ಜೋಧಪುರ

ಉತ್ತರ: ಬಂದಿಲ್ಲ. ಫೋನು ತೋರಿಸಿದ್ದು ಅದರ ದಾಯಾದಿಯನ್ನು. ನಿಮ್ಮಲ್ಲಿರುವುದು ಹೈಲಿಸ್ ಲಿವೋರ್ನಿಕಾ. ಆಫ್ರಿಕಾ, ದಕ್ಷಿಣ ಯುರೋಪು, ಅರಬ್ ನಾಡುಗಳು, ಮಧ್ಯ ಏಷ್ಯಾ ದಾಟಿ ನಮ್ಮ ವಾಯವ್ಯ ಭಾರತದವರೆಗೆ ಇದರ ನೆಲೆ. ವಲಸೆ ಹೋಗುವುದರಲ್ಲಿ ಎತ್ತಿದ ಕೈ, ಕೆಲವು ವರ್ಷ ಇಂಗ್ಲೆಂಡಿನವರೆಗೂ ಹಾರಿ ಹೋಗುತ್ತದೆ. ದ್ರಾಕ್ಷಿ ಬಳ್ಳಿಯೂ ಇದರ ಮರಿಗೆ ಇಷ್ಟ. ಎಷ್ಟು ಹೋಲಿಕೆ ಎಂದರೆ ಒಂದು ಕಾಲಕ್ಕೆ ವಿಜ್ಞಾನಿಗಳೇ ಎರಡನ್ನೂ ಒಂದೇ ಜಾತಿ ಎಂದಿದ್ದರು. ನೀವು ರೆಕ್ಕೆಯ ಗೆರೆ ಎಣಿಸುತ್ತ ಕೂರಬೇಡಿ. ಒಂದು ಅಮೆರಿಕದ್ದು, ಇನ್ನೊಂದು ಈ ಕಡೆಯದು. ಫೋಟೋ ಎಲ್ಲಿ ತೆಗೆದದ್ದು ಎಂದು ಗೊತ್ತಿದ್ದರೆ ಅರ್ಧ ಗುರುತು ಅಲ್ಲೇ ಆಯಿತು.

ಆಸ್ಟ್ರೇಲಿಯಾದಲ್ಲಿ ಮೂರನೆಯವನು ಇದ್ದಾನೆ, ಹೈಲಿಸ್ ಲಿವೋರ್ನಿಕಾಯ್ಡಿಸ್. ನಡು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿದೆ. ಅಲ್ಲಿಯ ಮೂಲನಿವಾಸಿ ಅರೆಂಟ ಜನ ಈ ಮರಿಹುಳವನ್ನು ಯೆಪರೆನ್ಯೆ ಎನ್ನುತ್ತಾರೆ. ತಮ್ಮ ಊರಿನ ಬೆಟ್ಟಗುಡ್ಡಗಳನ್ನು ಮಾಡಿದ ಮೂಲಪುರುಷರಲ್ಲಿ ಅದೂ ಒಂದು ಎಂಬುದು ಅವರ ನಂಬಿಕೆ. ಅದು ತಿನ್ನುವುದು ಏನು ಗೊತ್ತೇ? ಕೊಮ್ಮೆಯ ಬಳಗದ ಬಳ್ಳಿ! ಅರಿಜೋನಾದಲ್ಲಿ ಮಳೆಗಾಲದ ಮರಿಗಳು ತಿನ್ನುವುದೂ ಕೊಮ್ಮೆಯ ಬಳಗವನ್ನೇ. ನಮ್ಮ ಹೊಲದ ಬದುವಿನಲ್ಲಿ, ರೈಲ್ವೆ ಸ್ಟೇಷನ್ನಿನ ಅಂಚಿನಲ್ಲಿ ಅಂಟಂಟು ಕಾಯಿ ಬಿಟ್ಟು ಮಲಗಿರುತ್ತದಲ್ಲ, ಅದೇ ಕುಲ. ಜೋಧಪುರದಲ್ಲೂ ಮಳೆ ಬಿದ್ದ ಮೇಲೆ ಬೇಕಾದಷ್ಟು ಏಳುತ್ತದೆ. ಸುಮ್ನೆ ಒಮ್ಮೆ ಎಲೆ ಎತ್ತಿ ನೋಡಿ, ಏನು ಸಿಕ್ಕರೂ ನನಗೆ ಬರೆಯಿರಿ.

ಪ್ರಶ್ನೆ: ಆಂಟಿ, ನಾನು ಐದನೇ ಕ್ಲಾಸು. ಟೂಸಾನ್. ಗೆರೆ ಹುಳ ಸಾಕಬಹುದಾ? ಅಮ್ಮ ಬೇಡ ಅಂತಾಳೆ.

ಉತ್ತರ: ಸಾಕಬಹುದು ಪುಟ್ಟ. ಅಮ್ಮನ ಹತ್ತಿರ ನಾನು ಹೇಳಿದೆ ಅನ್ನು.

ಹುಳ ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ಎಲೆ ಕೊಡು. ದಿನಾ ಹೊಸ ಎಲೆ ಹಾಕಬೇಕು, ಹಿಕ್ಕೆ ತೆಗೆಯಬೇಕು. ಎಲೆಯ ಮೇಲೆ ನೀರು ನಿಲ್ಲಬಾರದು. ದೊಡ್ಡದಾದ ಮೇಲೆ ಒಂದು ದಿನ ಅದು ಊಟ ಬಿಟ್ಟು ಡಬ್ಬಿಯ ಸುತ್ತ ಓಡಾಡಲು ಶುರು ಮಾಡುತ್ತದೆ. ಕಾಯಿಲೆ ಬಂತು ಅಂತ ಅಳಬೇಡ. ಅದಕ್ಕೆ ಮಣ್ಣು ಬೇಕಾಗಿದೆ. ಡಬ್ಬಿಯಲ್ಲಿ ನಾಲ್ಕು ಇಂಚು ಸಡಿಲ ಮಣ್ಣು ಹಾಕು, ತುಸುವೇ ತೇವ ಇರಲಿ. ಒಳಗೆ ಹೋಗಿ ಕಂದು ಬಣ್ಣದ ಕೋಶವಾಗುತ್ತದೆ. ರೇಷ್ಮೆ ಹುಳದ ಹಾಗೆ ಗೂಡು ಕಟ್ಟುವುದಿಲ್ಲ. ಅಗೆದು ಅಗೆದು ನೋಡಬೇಡ. ಸೆಕೆಗಾಲದಲ್ಲಾದರೆ ಎರಡು ಮೂರು ವಾರದಲ್ಲಿ ಪತಂಗ ಬರುತ್ತದೆ. ಚಳಿಗಾಲ ಹತ್ತಿರವಿದ್ದರೆ ತಿಂಗಳುಗಟ್ಟಲೆ ಬರದೇ ಇರಬಹುದು, ಎಸೆಯಬೇಡ.

ಮಣ್ಣಿನಲ್ಲಿ ಒಂದು ಒರಟು ಕಡ್ಡಿ ಓರೆಯಾಗಿ ನೆಟ್ಟಿರು. ಹೊರಗೆ ಬಂದಾಗ ರೆಕ್ಕೆ ಮುದುಡಿರುತ್ತದೆ. ಕಡ್ಡಿ ಹತ್ತಿ ನೇತಾಡಿದರೆ ಮಾತ್ರ ಅದು ಸರಿಯಾಗಿ ಬಿಚ್ಚಿಕೊಳ್ಳುವುದು. ಹಾರುವ ಮೊದಲು ರೆಕ್ಕೆ ನಡುಗಿಸುತ್ತ ನಿಲ್ಲುತ್ತದೆ. ಹೆದರಿದ್ದಲ್ಲ ಅದು, ಹಾರುವ ಸ್ನಾಯು ಬಿಸಿ ಮಾಡಿಕೊಳ್ಳುವುದು. ಆಗ ಮುಚ್ಚಳ ತೆಗೆ.

ಫೋಟೋ ಕಳಿಸುವ ಎಲ್ಲರಿಗೂ ಒಂದು ಮಾತು. ಬೆನ್ನಿನ ಗೆರೆ ಕಾಣುವಂತೆ ಮೇಲಿನಿಂದ ಒಂದು, ಬದಿಯಿಂದ ಒಂದು ತೆಗೆಯಿರಿ. ಮರಿಹುಳವಾದರೆ ಅದು ತಿನ್ನುತ್ತಿದ್ದ ಗಿಡದ ಫೋಟೋ ಬೇಕೇ ಬೇಕು, ಹೂವಿದ್ದರೆ ಹೂವಿನ ಸಮೇತ. ಊರು, ತಾರೀಖು ಬರೆಯಿರಿ. ಅಂಗೈ ಮೇಲೆ ಇಟ್ಟುಕೊಂಡು ತೆಗೆದ ಹುಳದ ಫೋಟೋ ಚೆಂದವಾಗಿಯೇ ಇರುತ್ತದೆ, ಆದರೆ ಅದರಿಂದ ಗಿಡ ಯಾವುದೆಂದು ನನಗೆ ತಿಳಿಯುವುದಿಲ್ಲ.